ಸೊಗದೆ ಬೇರನ್ನು ಕುಕ್ಕರಿಗೆ ಹಾಕಬೇಡಿ

ಸೊಗದೆ (ಪೇಟೆಯಲ್ಲಿ ನನ್ನಾರಿ ಅನ್ನೋ ಬೇರು) ಶರಬತ್ತಿನ ಸಿರಪ್ಪು ಕಪ್ಪಗೆ ಕಷಾಯದ ಹಾಗಾಯ್ತು, ವಾರದೊಳಗೆ ಮೇಲೆ ಬಿಳಿ ಬೂಸ್ಟು ಬಂತು, ಕಾಮಕಸ್ತೂರಿ ಬೀಜ ಹಾಕಿದರೆ ಮರಳಿನ ಹಾಗೆ ತಳಕ್ಕೆ ಕೂತಿತು, ಬೇರು ಕೊಟ್ಟವನು ಮೋಸ ಮಾಡಿದನಾ ಅಂತ ಕೇಳಿದೀರಲ್ಲ ಅಕ್ಕ, ನೋಡಿದೆ. ನಿಮ್ಮ ಪೋಸ್ಟಿನ ಕೆಳಗೆ ಎಲ್ಲರೂ "ಹಳೇ ಬೇರು", "ಗ್ರಂಧಿಗೆ ಅಂಗಡಿ ಬದಲಾಯಿಸಿ" ಅಂತಲೇ ಬರೆದಿದ್ದಾರೆ. ನೀವೇ ಹಾಕಿದ ಒಂದು ಸಾಲನ್ನು ಯಾರೂ ಓದಿದ ಹಾಗಿಲ್ಲ: "ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ, ಆರೋಗ್ಯಕ್ಕೆ ಅಂತ ಸಕ್ಕರೆ ಅರ್ಧ ಮಾಡಿದೆ." ಬೇರಿನ ತಪ್ಪೇನೂ ಇಲ್ಲ. ಆ ಕುಕ್ಕರ್ ಒಂದು ಕಾಲದಲ್ಲಿ ನಮ್ಮನೆಯಲ್ಲೂ ಕೂಗಿದೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಸೊಗದೆಯಲ್ಲಿ ನಮಗೆ ಬೇಕಾದ್ದು ಆ ವೆನಿಲ್ಲಾ ಥರದ ಪರಿಮಳ. ಅದು ಇರೋದು ತೊಗಟೆಯಲ್ಲಿ, ಮತ್ತು ಅದು ಹಬೆ ಜೊತೆ ಹಾರಿಹೋಗುತ್ತೆ. ವಿಷಲ್ ಕೂಗುವಾಗ ಮನೆಯೆಲ್ಲ ಘಮಘಮ ಅಂದಿರಬೇಕಲ್ಲ? ಆ ಘಮ ಬಾಟಲಿಯಲ್ಲಿ ಇರಬೇಕಿತ್ತು. ಅದು ಹೋದಮೇಲೆ ಬೇರಿನಲ್ಲಿ ಉಳಿದಿದ್ದು ಒಗರು, ಅದೇ ಸಿರಪ್ಪಿಗೆ ಇಳೀತು. ಕೊತ್ತಂಬರಿ ಬೀಜ, ಸೋಂಪು, ಏಲಕ್ಕಿ, ಲಾವಂಚಕ್ಕೂ ಇದೇ ಮಾತು. ಬೇಸಿಗೆ ಪಾನೀಯದ ಸಾಮಾನನ್ನು ನೆನೆಸಬೇಕು, ಕುದಿಸಬಾರದು. ಆಯುರ್ವೇದದಲ್ಲಿ ಹಿಮ ಅಂತ ಇದಕ್ಕೇ ಬೇರೆ ಕ್ರಮವಿದೆ: ಜಜ್ಜಿದ ಸಾಮಾನು ಒಂದು ಪಾಲಾದರೆ ತಣ್ಣೀರು ಆರು ಪಾಲು, ರಾತ್ರಿಯಿಡೀ ಇಟ್ಟು ಬೆಳಗ್ಗೆ ಸೋಸೋದು. ನಮ್ಮ ಶರಬತ್ತಿಗೆ ಅಷ್ಟು ಗಾಢ ಬೇಡ, ನೀರೂ ಬಿಸಿ ಇರಲಿ, ರಾತ್ರಿಯಿಡೀ ನೆನೆಸೋ ದಾರಿ ಮಾತ್ರ ಅದೇ.

ನಾನು ಮಾಡೋದು ಹೀಗೆ. ಬೇರನ್ನು ನಾಲ್ಕೈದು ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿ ತೊಳೀತೀನಿ. ಮಣ್ಣು ಉಳಿದರೆ ಆ ವಾಸನೆಯೇ ಮುಂದೆ ಬರೋದು. ಅರ್ಧ ಗಂಟೆ ನೀರಲ್ಲಿ ಬಿಟ್ಟು ಕುಟ್ಟಾಣಿಯಲ್ಲಿ ಮೆಲ್ಲಗೆ ಒಂದೆರಡು ಏಟು. ತೊಗಟೆ ಸೀಳುತ್ತೆ, ಒಳಗಿನ ಬಿಳಿ ಕಡ್ಡಿ ಉಗುರಿಗೆ ಸಿಕ್ಕು ನೂಲೆಳೆದ ಹಾಗೆ ಬರುತ್ತೆ. ಆ ಕಡ್ಡಿ ಎಸೀರಿ, ಅದರಲ್ಲಿ ಏನೂ ಇಲ್ಲ. ಮಿಕ್ಸಿಗೆ ಹಾಕಬೇಡಿ, ಕಡ್ಡಿಯೂ ತೊಗಟೆಯೂ ಒಂದಾಗಿ ಪುಡಿಯಾಗಿ ಎಷ್ಟು ಸೋಸಿದರೂ ಗಂಟಲಿಗೆ ತರಿತರಿ. ತೊಗಟೆಯನ್ನು ನೆರಳಲ್ಲಿ ಒಣಗಿಸಿ.

100 ಗ್ರಾಂ ಒಣ ತೊಗಟೆಗೆ ಲೀಟರಿಗಿಂತ ತುಸು ಹೆಚ್ಚು ನೀರು, ಬೇರು ಸ್ವಲ್ಪ ಕುಡಿಯುತ್ತೆ. ನೀರು ಕುದಿಸಿ, ಒಲೆ ಆರಿಸಿ, ಐದು ನಿಮಿಷ ಬಿಟ್ಟು ತೊಗಟೆ ಹಾಕಿ ಮುಚ್ಚಿ. ಸ್ಟೀಲ್ ಪಾತ್ರೆ ಇರಲಿ, ಹಿಂಡಾಲಿಯಂ ಬೇಡ. ರಾತ್ರಿ ಇಟ್ಟರೆ ಬೆಳಗ್ಗೆ ಜೇನಿನ ಬಣ್ಣ ಬಂದಿರುತ್ತೆ. ಮಲ್ ಬಟ್ಟೆಯಲ್ಲಿ ಸೋಸಿ, ಅಲ್ಲಾಡಿಸದೆ ಒಂದು ಗಂಟೆ ಬಿಟ್ಟು, ತಳದ ಗಸಿ ಬಿಟ್ಟು ಮೇಲಿನದು ಮಾತ್ರ ತಗೊಳ್ಳಿ. ಆ ಒಂದು ಲೀಟರಿಗೆ ಎರಡು ಕಿಲೋ ಸಕ್ಕರೆ. ಹೌದು, ಎರಡು ಕಿಲೋ. ಸಣ್ಣ ಉರಿಯಲ್ಲಿ ಕರಗಿಸಿ, ಒಂದೇ ಒಂದು ಕುದಿ ಬಂದ ತಕ್ಷಣ ನೊರೆ ತೆಗೆದು ಇಳಿಸಿ. ಎಳೆಪಾಕಕ್ಕೆ ಹೋದರೆ ಬಾಟಲಿಯಲ್ಲಿ ಹರಳುಗಟ್ಟುತ್ತೆ. ಆ ಒಂದು ಕುದಿಗೂ ಪರಿಮಳ ಸ್ವಲ್ಪ ಹೋಗೇ ಹೋಗುತ್ತೆ, ಅದಕ್ಕೊಂದು ಉಪಾಯ ಇದೆ: ಒಂದು ಹಿಡಿ ತೊಗಟೆ ಮೊದಲೇ ಎತ್ತಿಟ್ಟುಕೊಂಡು, ಬಟ್ಟೆಯಲ್ಲಿ ಗಂಟು ಕಟ್ಟಿ, ಆರುತ್ತಿರುವ ಬಿಸಿ ಪಾಕದೊಳಗೆ ಇಳಿಬಿಟ್ಟು ಮುಚ್ಚಿಡಿ. ಪೂರ್ತಿ ಆರಿದ ಮೇಲೆ ಗಂಟು ತೆಗೆದು, ಅರ್ಧ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ. ಈ ಗಂಟಿನ ಕೆಲಸ ತಪ್ಪಿಸಬೇಡಿ. ತಪ್ಪಿಸಿದರೆ ಪರಿಮಳ ಅಷ್ಟು ಕಡಿಮೆ.

ಈಗ ಸಕ್ಕರೆ ವಿಷಯ. ಆರೋಗ್ಯ ಆರೋಗ್ಯ ಅಂತ ಎಲ್ಲರೂ ಮೊದಲು ಕೈ ಹಾಕೋದೇ ಇಲ್ಲಿಗೆ. ಸಿರಪ್ಪಿನಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಕೆಡದಂತೆ ಕಾಯೋದೂ ಅದೇ. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ ಇದ್ದರೆ ಬೂಸ್ಟಿಗೆ ಕುಡಿಯೋಕೆ ನೀರೇ ಸಿಗಲ್ಲ. ನೀವು ಅರ್ಧ ಮಾಡಿದ್ರಿ, ಅದಕ್ಕೆ ಹಬ್ಬವಾಯ್ತು. ಕಡಿಮೆ ಮಾಡೋದಾದರೆ ಲೋಟದಲ್ಲಿ ಮಾಡಿ, ಬಾಟಲಿಯಲ್ಲಲ್ಲ: ಎರಡು ಚಮಚದ ಬದಲು ಒಂದು ಚಮಚ ಸಿರಪ್ಪು ಹಾಕಿ. ಸಕ್ಕರೆ ಕಾಯಿಲೆ ಇರುವವರು ಸಿರಪ್ಪಿನ ತಂಟೆಗೇ ಹೋಗಬೇಡಿ, ನೆನೆಸಿದ ನೀರನ್ನೇ ಚಿಟಿಕೆ ಉಪ್ಪು, ನಿಂಬೆರಸ ಹಾಕಿ ಕುಡೀರಿ. ಬೆಲ್ಲದಲ್ಲಿ ಮಾಡಿದರೆ ರುಚಿ ಜೋರು, ಬಾಳಿಕೆ ಕಡಿಮೆ, ಫ್ರಿಜ್ಜಿನಲ್ಲಿಟ್ಟು ಬೇಗ ಖಾಲಿ ಮಾಡಿ. ಬೂಸ್ಟು ಬಂದಿದ್ದನ್ನು ಮೇಲಿಂದ ತೆಗೆದು ಮತ್ತೆ ಕುದಿಸಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ, ಚೆಲ್ಲಿಬಿಡಿ.

ಬೇರು ಅಸಲಿಯೋ ಅನ್ನೋ ಪ್ರಶ್ನೆಗೆ: ಪೆನ್ಸಿಲ್‌ಗಿಂತ ತೆಳು, ಕಂದು, ಅಡ್ಡ ಬಿರುಕು ಇದ್ದರೆ ಸೊಗದೆ. ಬೆರಳು ದಪ್ಪ, ತಿರುಳು ತಿರುಳಾಗಿದ್ದರೆ ಅದು ಮಾಕಳಿ ಬೇರು, ಉಪ್ಪಿನಕಾಯಿ ಹಾಕ್ತೀವಲ್ಲ ಅದು. ಪರಿಮಳ ಹೆಚ್ಚುಕಮ್ಮಿ ಒಂದೇ ಥರ ಇರೋದರಿಂದ ಪೇಟೆಯಲ್ಲಿ ನನ್ನಾರಿ ಅಂತ ಅದನ್ನೂ ಮಾರ್ತಾರೆ. ವಿಷವೇನೂ ಅಲ್ಲ, ಆದರೆ ಕಾಡಿನಿಂದ ಕಿತ್ತು ಕಿತ್ತು ಮಾಕಳಿ ಅಳಿವಿನಂಚಿಗೆ ಬಂದಿದೆ, ಗೊತ್ತಿದ್ದೂ ಕೊಳ್ಳಬೇಡಿ. ಅಂಗಡಿಯ ಕಡುಗಪ್ಪು ನನ್ನಾರಿ ಸಿರಪ್ಪಿನ ಕಪ್ಪು ಬೇರಿಂದ ಬಂದಿದ್ದಲ್ಲ, ಲೇಬಲ್ಲಿನಲ್ಲಿ ಕ್ಯಾರಮೆಲ್ ಬಣ್ಣ ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಹುಡುಕಿ. ಹಸಿರು ಖಸ್ ಸಿರಪ್ಪಿನ ಕಥೆಯೂ ಅಷ್ಟೇ, ಲಾವಂಚದ ನೀರು ಯಾವತ್ತಾದರೂ ಹಸಿರಾಗಿದ್ದು ನೋಡಿದೀರಾ? ರೂಹ್ ಅಫ್ಜಾ, ಆ ಕೆಂಪು ಗುಲಾಬಿ ಸಿರಪ್ಪು, ನನಗೂ ಇಷ್ಟ, ಹಾಲಿಗೆ ಚೆನ್ನಾಗಿರುತ್ತೆ. ಆದರೆ ಅದನ್ನು ಸೊಗದೆ ಜೊತೆ ಬೆರೆಸಿದೆ ಅಂತ ಮೇಲೆ ಬರೆದವರಿಗೆ ಕೈ ಮುಗಿದೆ.

ಕಾಮಕಸ್ತೂರಿ ಬೀಜ ಯಾಕೆ ಉಬ್ಬಲಿಲ್ಲ ಅಂದರೆ, ನೀವು ಅದನ್ನು ಸಿಹಿ, ಹುಳಿ, ಐಸು ಮೂರೂ ಇರೋ ಲೋಟಕ್ಕೆ ಒಣದಾಗಿ ಸುರಿದಿದೀರಿ. ಬೀಜಕ್ಕೆ ಬರೀ ನೀರು ಬೇಕು. ಒಂದು ಚಮಚ ಬೀಜಕ್ಕೆ ಒಂದು ಲೋಟ ಸಾದಾ ನೀರು, 15 ನಿಮಿಷ, ನಡುವೆ ಒಮ್ಮೆ ಕಲಕಿ, ಇಲ್ಲದಿದ್ದರೆ ಗಂಟು. ಸುತ್ತ ಬೂದುಬಿಳಿ ಲೋಳೆ ಬಂದು ನಡುವೆ ಕಪ್ಪು ಚುಕ್ಕಿ ಉಳಿಯಬೇಕು. ಆಮೇಲೆ ಶರಬತ್ತಿಗೆ. ಒಣಬೀಜ ಮಕ್ಕಳ ಬಾಯಿಗೆ ಹೋಗಬಾರದು, ಗಂಟಲಲ್ಲೇ ಉಬ್ಬಿಕೊಂಡರೆ ಕಷ್ಟ. ಪೂರ್ತಿ ಕಪ್ಪಿದ್ದರೆ ಕಾಮಕಸ್ತೂರಿ, ಬೂದು ಬಣ್ಣದ ಮೇಲೆ ಚುಕ್ಕೆಗಳಿದ್ದರೆ ಚಿಯಾ. ಚಿಯಾ ಈಗ ನಮ್ಮ ಎಚ್.ಡಿ. ಕೋಟೆ ಕಡೆಯೂ ಬೆಳೀತಾರೆ, ತಪ್ಪಿಲ್ಲ, ಆದರೆ ಉಬ್ಬೋಕೆ ಇನ್ನೂ ಹೊತ್ತು ಬೇಕು, ತಂಪಿನ ಆ ಜಾರು ಅದರಲ್ಲಿ ಬರಲ್ಲ. ಗಸಗಸೆ ಬೇರೆಯೇ, ಅದನ್ನು ರುಬ್ಬಬೇಕು. ದುಬೈಯಲ್ಲಿರುವ ಮಗಳಿಗೆ ಪಾನಕದ ಪುಡಿ ಕಳಿಸ್ತೀನಿ ಅಂದವರು ಗಸಗಸೆಯನ್ನು ಮಾತ್ರ ಸೇರಿಸಬೇಡಿ, ಅಲ್ಲಿ ಅದು ನಿಷೇಧ, ವಿಮಾನ ನಿಲ್ದಾಣದಲ್ಲೇ ಹಿಡೀತಾರೆ.

ಬೀಜದ ಮಾತು ಬಂತಲ್ಲ, ಸಾಂಬಾರ್ ಸೌತೆಯ ಬೀಜ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು. ತೊಳೆದು ಒಣಗಿಸಿಡಿ. ಒಂದು ಹಿಡಿ ನೆನೆಸಿ ನುಣ್ಣಗೆ ರುಬ್ಬಿ ಹಿಂಡಿದರೆ ಹಾಲು ಬರುತ್ತೆ, ಬೆಲ್ಲ, ಏಲಕ್ಕಿ ಸಾಕು. ಮೊದಲು ಕಾಯಿ ಕಚ್ಚಿ ನೋಡಿ, ಕಹಿ ಕಾಯಿಯ ಬೀಜ ಬೇಡವೇ ಬೇಡ. ಎಳ್ಳಿನದೂ ಹೀಗೇ, ಆದರೆ ಹುರಿಯಬೇಡಿ, ಹುರಿದರೆ ಚಟ್ನಿಯ ವಾಸನೆ.

ಬೇಸಿಗೆಯಲ್ಲಿ ಕುಡಿಯೋ ತಂಪು ನೀರಿಗೆ ಕೊತ್ತಂಬರಿ ಬೀಜ, ಜೀರಿಗೆ, ಸೋಂಪು ನಾನು ಮೂರು, ಒಂದು, ಒಂದರ ಲೆಕ್ಕದಲ್ಲಿ ಜಜ್ಜಿ ಡಬ್ಬಿಯಲ್ಲಿಡ್ತೀನಿ. ಎರಡು ಚಮಚಕ್ಕೆ ಒಂದು ಲೀಟರ್ ಕಾದಾರಿದ ನೀರು, ರಾತ್ರಿ ಮುಚ್ಚಿಟ್ಟು ಬೆಳಗ್ಗೆ ಸೋಸಿ, ಮಧ್ಯಾಹ್ನದೊಳಗೆ ಮುಗಿಸಿ. ಈ ಸೆಕೆಯಲ್ಲಿ ಸಂಜೆಗೆ ಹುಳಿ ಬರುತ್ತೆ. ಅಕ್ಕ, ನೀವು ಪೋಸ್ಟಿನಲ್ಲಿ ಹಾಕಿದ ಸಾಮಾನಿನ ಪಟ್ಟಿಯಲ್ಲಿ ಲವಂಗ, ಚಕ್ಕೆ ಕಂಡೆ, ಅದು ಮಳೆಗಾಲದ ಕಷಾಯಕ್ಕೆ ಇರಲಿ.

ಲಾವಂಚ ಮಡಕೆಗೆ ಹಾಕೋದಾದರೆ ಗ್ರಂಧಿಗೆ ಅಂಗಡಿಯ ಬೇರೇ ತನ್ನಿ, ಕೂಲರ್ ಚಾಪೆಯ ಬೇರು ಕುಡಿಯೋಕಲ್ಲ. ಬಟ್ಟೆಯಲ್ಲಿ ಕಟ್ಟಿ ಹಾಕಿ, ನಾಲ್ಕು ದಿನಕ್ಕೊಮ್ಮೆ ತೆಗೆದು ಬಿಸಿಲಿಗಿಡಿ, ವಾಸನೆ ಹೋದ ಮೇಲೆ ಗಿಡದ ಬುಡಕ್ಕೆ. ಮಂಗಳೂರಿನವರು ಮಡಕೆ ನೀರು ತಣ್ಣಗಾಗಲ್ಲ ಅಂತ ಮಡಕೆಗೆ ಬೈಬೇಡಿ. ನೀರು ಹೊರಗೆ ಜಿನುಗಿ ಆವಿಯಾದರೆ ತಾನೆ ತಂಪು, ನಿಮ್ಮ ಗಾಳಿಯಲ್ಲೇ ನೀರಿದೆ. ಕಲಬುರ್ಗಿ, ವಿಜಯಪುರದ ಒಣ ಬಿಸಿಲಿಗೆ ಮಡಕೆಯೇ ಫ್ರಿಜ್ಜು.

ಇನ್ನೊಂದು, ಬಿಸಿಲಿಗೆ ತಲೆಸುತ್ತಿ ಬಿದ್ದವರಿಗೆ ಸೊಗದೆ, ಲಾವಂಚ ಅಂತ ಕೂರಬೇಡಿ. ಎಚ್ಚರ ಇದ್ದು ಕುಡಿಯೋ ಹಾಗಿದ್ದರೆ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೈ ಸುಡ್ತಿದ್ದರೆ, ಮಾತು ತೊದಲಿದರೆ ನೀರು ಚಿಮುಕಿಸುತ್ತಾ ನೇರ ಆಸ್ಪತ್ರೆಗೆ.

ತಾರಸಿಯಲ್ಲಿ ಜಾಗ ಇರುವವರು ಕಾಮಕಸ್ತೂರಿಯನ್ನು ಈಗಲೇ ಬಿತ್ತಿ. ಎಲೆಗಾದರೆ ತುದಿ ಚಿವುಟಿ, ಬೀಜಕ್ಕಾದರೆ ಹೂಗೊಂಚಲು ಗಿಡದಲ್ಲೇ ಕಂದಾಗಲಿ, ಆಮೇಲೆ ಮೊರದ ಮೇಲೆ ಉಜ್ಜಿ ಕೇರಿದರೆ ಆಯ್ತು. ನನ್ನ ಹತ್ತಿರ ಹೋದ ಸಲದ ಬೀಜ ಇದೆ. ಬೇಕಾದವರು ಮೆಸೇಜ್ ಮಾಡಿ, ಕವರಿಗೆ ಹಾಕಿ ಕಳಿಸ್ತೀನಿ, ಅಂಚೆ ಖರ್ಚು ನಿಮ್ಮದು.