ಓದುಗರ ಪ್ರಶ್ನೆ: ‘ಮರ್ದಾನಿ’ಯ ಕೊನೆಯ ದೃಶ್ಯಕ್ಕೆ ಚಪ್ಪಾಳೆ ತಟ್ಟಬಹುದೇ?

ಅಪಹರಣ ಮತ್ತು ಸೇಡನ್ನು ಕಥಾವಸ್ತುವಾಗಿಸಿಕೊಂಡ ಹಿಂದಿ ಚಿತ್ರಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ, ರಾಣಿ ಮುಖರ್ಜಿ ಅಭಿನಯದ ‘ಮರ್ದಾನಿ’ಯನ್ನು (2014) ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೆ. ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಆ ಚಿತ್ರದ ಬಗ್ಗೆಯೇ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮನೆಮಂದಿಯೆಲ್ಲ ಕುಳಿತು ‘ಮರ್ದಾನಿ’ ನೋಡಿದೆವು. ಕೊನೆಯಲ್ಲಿ ಹುಡುಗಿಯರೆಲ್ಲ ಸೇರಿ ಆ ಖಳನನ್ನು ಬಡಿಯುವಾಗ ನಾನೂ ನನ್ನ ತಂಗಿಯೂ ಚಪ್ಪಾಳೆ ತಟ್ಟಿದೆವು. ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದ ನಮ್ಮ ತಂದೆ ಮಾತ್ರ ಒಂದು ಮಾತನ್ನೂ ಆಡದೆ ಎದ್ದು ಒಳಗೆ ಹೋದರು. ನಾವು ಚಪ್ಪಾಳೆ ತಟ್ಟಿದ್ದು ತಪ್ಪೇ?
– ಓದುಗಿ, ಶಿವಮೊಗ್ಗ

ಉತ್ತರ: ನೀವು ಚಪ್ಪಾಳೆ ತಟ್ಟಿದ್ದು ತಪ್ಪಲ್ಲ. ಎರಡು ಗಂಟೆಗಳ ಕಾಲ ಆ ಮಕ್ಕಳ ಮೇಲೆ ನಡೆದದ್ದನ್ನು ಕಣ್ಣಾರೆ ಕಂಡ ಯಾರ ಕೈಯೂ ಸುಮ್ಮನಿರುವುದಿಲ್ಲ. ಆದರೆ ನಿಮ್ಮ ತಂದೆಯವರು ಎದ್ದು ಹೋದದ್ದೂ ಸರಿಯಾಗಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಏಕೆಂದು ಹೇಳಲು, ಚಿತ್ರ ನೋಡದವರಿಗಾಗಿ ಕಥೆಯನ್ನು ತುಸು ನೆನಪಿಸಬೇಕು.

ಮುಂಬೈ ಕ್ರೈಂ ಬ್ರಾಂಚ್‌ನ ಇನ್ಸ್‌ಪೆಕ್ಟರ್ ಶಿವಾನಿ ಶಿವಾಜಿ ರಾಯ್, ಒಮ್ಮೆ ತಾನೇ ಕಾಪಾಡಿದ ಪ್ಯಾರಿ ಎಂಬ ಅನಾಥ ಹುಡುಗಿಯನ್ನು ಮಗಳಂತೆ ನೋಡಿಕೊಂಡಿರುತ್ತಾಳೆ. ಆಶ್ರಯಧಾಮದಲ್ಲಿದ್ದ ಆ ಹುಡುಗಿ ಕಾಣೆಯಾಗಿ ಆಗಲೇ ಕೆಲವು ದಿನಗಳಾಗಿವೆ ಎಂಬುದು ಶಿವಾನಿಗೆ ತಡವಾಗಿ ತಿಳಿಯುತ್ತದೆ. ಹುಡುಕುತ್ತ ಹೋದಂತೆ, ಹೆಣ್ಣುಮಕ್ಕಳನ್ನು ಕದ್ದು ಮಾರುವ ಜಾಲವೊಂದರ ಎಳೆ ಅವಳ ಕೈಗೆ ಸಿಗುತ್ತದೆ. ಅದರ ಇನ್ನೊಂದು ತುದಿ ದೆಹಲಿಯಲ್ಲಿದೆ. ಅಲ್ಲಿ ಕುಳಿತು ಎಲ್ಲವನ್ನೂ ನಡೆಸುವವನು ಕರಣ್ ರಸ್ತೋಗಿ ಎಂಬ ತರುಣ. ಅವನು ಫೋನಿನಲ್ಲಿ ಎಂದೂ ದನಿ ಏರಿಸುವುದಿಲ್ಲ. ತನಿಖೆ ನಿಲ್ಲಿಸು ಎಂದು ಹೇಳಿ, ಅವಳು ಕೇಳದಿದ್ದಾಗ ಅವಳ ಗಂಡನನ್ನು ಸುಳ್ಳು ಆರೋಪ ಹೊರಿಸಿ ಜನರ ಗುಂಪಿನಿಂದ ಹೊಡೆಸುತ್ತಾನೆ. ಉಡುಗೊರೆಯ ಪೊಟ್ಟಣವೊಂದನ್ನೂ ಕಳಿಸುತ್ತಾನೆ. ಬಿಚ್ಚಿ ನೋಡಿದರೆ ಒಳಗಿರುವುದು ಪ್ಯಾರಿಯ ಕತ್ತರಿಸಿದ ಬೆರಳು. ಆ ಪೊಟ್ಟಣ ಬಿಚ್ಚುವ ಗಳಿಗೆಯಲ್ಲಿ ರಾಣಿ ಮುಖರ್ಜಿಯವರ ಮುಖ ನೋಡಿ. ಅಳು ಗಂಟಲಿನವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಇಡೀ ಚಿತ್ರದಲ್ಲಿ ಅವರ ಅಭಿನಯ ನನಗೆ ಅತ್ಯಂತ ನಿಜವೆನ್ನಿಸಿದ್ದು ಅಲ್ಲಿ.

ಇಷ್ಟಾದರೂ ಶಿವಾನಿ ಕೆಲಸ ಮಾಡುವ ರೀತಿಯನ್ನು ಗಮನಿಸಬೇಕು. ಸಿಕ್ಕ ಒಬ್ಬೊಬ್ಬ ದುಷ್ಟನೂ ಅವಳಿಗೆ ಮುಂದಿನವನ ಹೆಸರು ಹೇಳಬೇಕಾದ ಬಾಯಿ. ಅವಳು ಅವರಿಗೆ ಹೊಡೆಯುತ್ತಾಳೆ, ಬೆದರಿಸುತ್ತಾಳೆ (ಅದನ್ನು ನಾನು ಒಪ್ಪುವುದಿಲ್ಲ), ಆದರೆ ಅವರು ಬದುಕಿರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ವಕೀಲ್ ಎಂಬ ದಲ್ಲಾಳಿ ಇನ್ನೇನು ಕೈಗೆ ಸಿಕ್ಕ ಎನ್ನುವಾಗ ಪ್ರಾಣ ಕಳೆದುಕೊಂಡದ್ದನ್ನು ಚಿತ್ರ ಸೋಲೆಂದೇ ತೋರಿಸುತ್ತದೆ, ಏಕೆಂದರೆ ಅವನೊಂದಿಗೆ ಹಲವು ಹೆಸರುಗಳೂ ಹೋದವು.

ಹಾಗಿದ್ದ ಮೇಲೆ ಕೊನೆಯಲ್ಲಿ ಆದದ್ದೇನು? ಎಲ್ಲರಿಗಿಂತ ಹೆಚ್ಚು ಹೆಸರುಗಳನ್ನು ಬಲ್ಲವನು ಕರಣ್. ಯಾವ ಊರಿನಿಂದ ಯಾವ ಮಗುವನ್ನು ಯಾರು ತಂದುಕೊಟ್ಟರು, ಯಾರು ಕೊಂಡರು, ಯಾವ ಅಧಿಕಾರಿ ಕಣ್ಣು ಮುಚ್ಚಿಕೊಂಡ, ಈ ಲೆಕ್ಕವೆಲ್ಲ ಇದ್ದದ್ದು ಅವನ ತಲೆಯೊಳಗೆ. ತನ್ನ ಹಣ ಮತ್ತು ಪ್ರಭಾವದಿಂದ ಹೊರಬರುತ್ತೇನೆ ಎಂದು ಅವನು ಕೊಚ್ಚಿಕೊಂಡ ಮಾತ್ರಕ್ಕೆ ಶಿವಾನಿ ಅವನನ್ನು ಹುಡುಗಿಯರ ಕೈಗೆ ಒಪ್ಪಿಸುತ್ತಾಳೆ, ಅವರು ಅವನನ್ನು ಬಡಿದು ಕೊಲ್ಲುತ್ತಾರೆ. ಅವನು ಸತ್ತದ್ದರಿಂದ ಅತಿ ಹೆಚ್ಚು ನೆಮ್ಮದಿ ಸಿಕ್ಕಿದ್ದು ಅವನಿಂದ ಮಕ್ಕಳನ್ನು ಕೊಂಡವರಿಗೆ. ಚಿತ್ರದ ಮೊದಲರ್ಧದ ಶಿವಾನಿಯಾಗಿದ್ದರೆ ಇದನ್ನು ಕ್ಷಣಮಾತ್ರದಲ್ಲಿ ಅರಿತುಕೊಳ್ಳುತ್ತಿದ್ದಳು. ನಿಮ್ಮ ತಂದೆಯವರಂತೆ ಠಾಣೆಯಲ್ಲಿ ದುಡಿದವರ ಮನಸ್ಸಿಗೆ ಚುಚ್ಚಿದ್ದು ಇದೇ ಇರಬೇಕು.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಆ ಹುಡುಗಿಯರ ಸ್ಥಿತಿ. ಅಷ್ಟು ದಿನ ದೊಡ್ಡವರು ಅವರ ಮೈಯನ್ನು ತಮಗೆ ಬೇಕಾದಂತೆ ಬಳಸಿಕೊಂಡರು. ಈಗ ಪೊಲೀಸ್ ಅಧಿಕಾರಿಯೊಬ್ಬಳು ತಾನು ಮಾಡಬೇಕಾಗಿದ್ದ ಕೆಲಸವನ್ನು, ಅದೂ ಕೊಲೆಯನ್ನು, ಅವರ ಕೈಯಿಂದ ಮಾಡಿಸುತ್ತಾಳೆ. ಅವರು ಮರುದಿನ ಬೆಳಿಗ್ಗೆ ಹೇಗೆ ಎದ್ದಿರಬಹುದು ಎಂಬುದನ್ನು ಚಿತ್ರ ತೋರಿಸುವುದಿಲ್ಲ.

ಕಾನೂನು ಇಂಥವನನ್ನು ಏನೂ ಮಾಡದು ಎಂಬ ಭಾವನೆಯನ್ನು ಚಿತ್ರ ಬಿಟ್ಟುಹೋಗುತ್ತದೆ. ಅದು ಪೂರ್ತಿ ನಿಜವಲ್ಲ. ಚಿತ್ರ ಬಿಡುಗಡೆಯಾಗುವ ಒಂದು ವರ್ಷ ಮೊದಲೇ, 2013ರ ತಿದ್ದುಪಡಿಯಲ್ಲಿ, ಭಾರತೀಯ ದಂಡ ಸಂಹಿತೆಯ 370ನೇ ಕಲಮನ್ನು ಹೊಸದಾಗಿ ಬರೆಯಲಾಗಿತ್ತು. ಅದರ ಪ್ರಕಾರ ಒಬ್ಬ ಅಪ್ರಾಪ್ತೆಯನ್ನು ಕಳ್ಳಸಾಗಣೆ ಮಾಡಿದರೆ ಕನಿಷ್ಠ 10 ವರ್ಷ, ಒಬ್ಬರಿಗಿಂತ ಹೆಚ್ಚು ಮಕ್ಕಳಾದರೆ ಕನಿಷ್ಠ 14 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿಯೂ ಇದೇ ಪ್ರಮಾಣದ ಶಿಕ್ಷೆಯಿದೆ. ನಮ್ಮ ಕೊರತೆ ಇರುವುದು ಸಾಕ್ಷಿ ಕಾಪಾಡುವುದರಲ್ಲಿ, ವಿಚಾರಣೆ ಬೇಗ ಮುಗಿಸುವುದರಲ್ಲಿ, ಬಿಡುಗಡೆಯಾದ ಮಕ್ಕಳು ನ್ಯಾಯಾಲಯದ ಕಟಕಟೆಯವರೆಗೆ ಧೈರ್ಯವಾಗಿ ಬರುವಂತೆ ನೋಡಿಕೊಳ್ಳುವುದರಲ್ಲಿ. ಆ ಹುಡುಗಿಯರು ಒಬ್ಬೊಬ್ಬರಾಗಿ ಕರಣ್‌ನನ್ನು ಬೊಟ್ಟುಮಾಡಿ ಗುರುತಿಸುವ ದೃಶ್ಯವೊಂದಿದ್ದರೆ ನಾನೂ ಎದ್ದು ಚಪ್ಪಾಳೆ ತಟ್ಟುತ್ತಿದ್ದೆ.

ಪ್ರಶ್ನೆ: ‘ಮರ್ದಾನಿ’ ಎಂಬ ಹೆಸರಿನ ಅರ್ಥವೇನು? ಹೆಣ್ಣಿನ ಧೈರ್ಯಕ್ಕೆ ಗಂಡಸಿನ ಹೆಸರೇಕೆ?
– ಓದುಗ, ಬೆಳಗಾವಿ

ಉತ್ತರ: ‘ಮರ್ದ್’ ಎಂದರೆ ಗಂಡಸು, ಗಂಡೆದೆಯ ಹೆಣ್ಣು ‘ಮರ್ದಾನಿ’. ಸುಭದ್ರಾ ಕುಮಾರಿ ಚೌಹಾಣ್ ಅವರು ಝಾನ್ಸಿಯ ರಾಣಿಯನ್ನು ಕುರಿತು ಬರೆದ ಕವಿತೆಯಲ್ಲಿ ‘ಖೂಬ್ ಲಡೀ ಮರ್ದಾನೀ’ ಎಂಬ ಮಾತು ಬರುತ್ತದೆ. ಹಿಂದಿ ಬಲ್ಲ ಮಕ್ಕಳು ಶಾಲೆಯಲ್ಲಿಯೇ ಬಾಯಿಪಾಠ ಮಾಡುವ ಸಾಲು ಅದು. ಹೀಗಾಗಿ ಆ ಸೀಮೆಯ ಪ್ರೇಕ್ಷಕರಿಗೆ ಹೆಸರು ಕೇಳಿದೊಡನೆ ಕುದುರೆಯೇರಿದ ಲಕ್ಷ್ಮೀಬಾಯಿ ಕಣ್ಣ ಮುಂದೆ ಬರುತ್ತಾಳೆ.

ನಿಮ್ಮ ಎರಡನೆಯ ಪ್ರಶ್ನೆ ನನ್ನದೂ ಹೌದು. ನಮ್ಮ ಕನ್ನಡದಲ್ಲಿಯೂ ‘ಗಂಡೆದೆ’, ‘ಗಂಡುಗಲಿ’ ಎಂಬ ಮಾತುಗಳಿವೆ, ಹೆಣ್ಣೊಬ್ಬಳು ತುಸು ಜೋರಾಗಿ ನಡೆದರೆ ‘ಗಂಡುಬೀರಿ’ ಎಂಬ ಬೈಗುಳವೂ ಇದೆ. ಆದರೆ ಒನಕೆ ಓಬವ್ವನನ್ನೂ ನಿಮ್ಮ ಜಿಲ್ಲೆಯ ಕಿತ್ತೂರು ಚೆನ್ನಮ್ಮನನ್ನೂ ನಾವು ಕರೆಯುವುದು ‘ವೀರವನಿತೆ’ ಎಂದು. ಆ ಮಾತಿನಲ್ಲಿ ಹೆಣ್ಣು ಹೆಣ್ಣಾಗಿಯೇ ವೀರಳು. ಓಬವ್ವನ ಕೈಯಲ್ಲಿದ್ದದ್ದು ಸಹ ಕತ್ತಿಯಲ್ಲ, ಮನೆಯ ಒನಕೆ.

ಪ್ರಶ್ನೆ: ಮಗು ಕಾಣೆಯಾದರೆ 24 ಗಂಟೆ ಕಾದ ಮೇಲಷ್ಟೇ ಪೊಲೀಸರು ದೂರು ತೆಗೆದುಕೊಳ್ಳುತ್ತಾರೆ ಎಂದು ಸಿನಿಮಾಗಳಲ್ಲಿ ಕೇಳುತ್ತೇವೆ. ಇದು ನಿಜವೇ?
– ಓದುಗಿ, ಮೈಸೂರು

ಉತ್ತರ: ಅಂಥ ನಿಯಮ ಯಾವ ಕಾನೂನಿನಲ್ಲಿಯೂ ಇಲ್ಲ. ದಯವಿಟ್ಟು ಯಾರೂ ಕಾಯಬೇಡಿ.

2013ರ ಮೇ ತಿಂಗಳಲ್ಲಿ ‘ಬಚಪನ್ ಬಚಾವೋ ಆಂದೋಲನ’ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಮತ್ತು ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಭಾವಿಸಿ ತನಿಖೆ ನಡೆಸಬೇಕು. ‘ಪ್ರೀತಿಸಿ ಓಡಿಹೋಗಿರಬೇಕು, ನಾಲ್ಕು ದಿನ ನೋಡಿ’ ಎಂದು ಹೇಳಿ ಕಳಿಸುವಂತಿಲ್ಲ. ‘ಇದು ನಮ್ಮ ಸರಹದ್ದಿಗೆ ಬರುವುದಿಲ್ಲ’ ಎನ್ನುವಂತೆಯೂ ಇಲ್ಲ; ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ನಾಲ್ಕು ತಿಂಗಳಾದರೂ ಮಗು ಪತ್ತೆಯಾಗದಿದ್ದರೆ ಪ್ರಕರಣವು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112. ಇವೆರಡನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಬಸ್ ನಿಲ್ದಾಣದ ಗೋಡೆಗಳ ಮೇಲೆ ಅಂಟಿಸಿದ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆಗಳನ್ನು ನಿಂತು ಓದುವುದು ನನ್ನ ಹಳೆಯ ರೂಢಿ. ಕಪ್ಪುಬಿಳುಪು ಫೋಟೊ, ಕೆಳಗೆ ಚಹರೆ: ‘ಕೋಲು ಮುಖ, ಗೋಧಿ ಮೈಬಣ್ಣ, ಕನ್ನಡ ಮಾತನಾಡುತ್ತಾಳೆ.’ ಆಮೇಲೆ, ಕಾಣೆಯಾದಾಗ ಧರಿಸಿದ್ದ ಬಟ್ಟೆಯ ವಿವರ: ‘ನೀಲಿ ಬಣ್ಣದ ಚೂಡಿದಾರ.’ ಆ ಸಾಲನ್ನು ಓದಿದಾಗಲೆಲ್ಲ ನನಗೆ ಹೊಳೆಯುವುದು ಒಂದೇ: ಆ ನೀಲಿ ಚೂಡಿದಾರ ಗುರುತಿಗೆ ಒದಗುವುದು ಮೊದಲ ಕೆಲವು ಗಂಟೆ ಮಾತ್ರ. ಮಗುವನ್ನು ಕದ್ದವನು ಮೊದಲು ಬದಲಿಸುವುದೇ ಬಟ್ಟೆಯನ್ನು. ‘ಮರ್ದಾನಿ’ಯಲ್ಲಿ ಪ್ಯಾರಿ ಕಾಣೆಯಾದದ್ದು ತಡವಾಗಿ ತಿಳಿಯಿತು ಎಂಬುದು ಕಥೆಯ ಸಣ್ಣ ಸಂಗತಿಯಂತೆ ಕಂಡರೂ, ಮುಂದಿನ ಎಲ್ಲ ದುರಂತಕ್ಕೂ ಬೇರು ಅಲ್ಲಿಯೇ ಇದೆ.

ಪ್ರಶ್ನೆ: ಖಳನ ಪಾತ್ರ ಮಾಡಿದವರು ಯಾರು? ಚಿತ್ರದ ಎರಡನೆಯ ಭಾಗವೂ ಇದೆಯೇ?
– ಓದುಗ, ಬಳ್ಳಾರಿ

ಉತ್ತರ: ಕರಣ್ ಪಾತ್ರ ತಾಹಿರ್ ರಾಜ್ ಭಸೀನ್ ಅವರದು. ನಿರ್ದೇಶನ 2023ರಲ್ಲಿ ತೀರಿಕೊಂಡ ಪ್ರದೀಪ್ ಸರ್ಕಾರ್ ಅವರದು, ಬರವಣಿಗೆ ಗೋಪಿ ಪುತ್ರನ್ ಅವರದು. 2019ರಲ್ಲಿ ಬಂದ ‘ಮರ್ದಾನಿ 2’ ಅನ್ನು ಗೋಪಿ ಪುತ್ರನ್ ಅವರೇ ನಿರ್ದೇಶಿಸಿದರು. ಅದರ ಕಥೆ ನಡೆಯುವುದು ರಾಜಸ್ಥಾನದ ಕೋಟಾದಲ್ಲಿ, ಖಳನಾಗಿ ವಿಶಾಲ್ ಜೇಠ್ವಾ ಇದ್ದಾರೆ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಎಚ್ಚರಿಕೆ ಕಲಿಯಲಿ ಎಂದು ಅವಳಿಗೆ ಈ ಚಿತ್ರ ತೋರಿಸಬಹುದೇ?
– ತಾಯಿ, ಹುಬ್ಬಳ್ಳಿ

ಉತ್ತರ: ಬೇಡ. ಚಿತ್ರಕ್ಕೆ ‘ಎ’ ಪ್ರಮಾಣಪತ್ರ ಕೊಟ್ಟಿದ್ದಾರೆ, ಮತ್ತು ಹುಡುಗಿಯರನ್ನು ಕೂಡಿಹಾಕುವ ದೃಶ್ಯಗಳು ಆ ವಯಸ್ಸಿನವರಿಗೆ ಎಚ್ಚರಿಕೆಗಿಂತ ಅಂಜಿಕೆಯನ್ನೇ ಹೆಚ್ಚು ಕಲಿಸುತ್ತವೆ. ನೀವೊಬ್ಬರೇ ಒಮ್ಮೆ ನೋಡಿ, ಬಳಿಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ. ಪರಿಚಿತರೂ ಮೋಸ ಮಾಡಬಹುದು ಎಂಬ ಮಾತು ತಾಯಿಯ ಬಾಯಿಂದ ಬಂದರೆ ಮಗಳು ಮರುಪ್ರಶ್ನೆ ಕೇಳುತ್ತಾಳೆ, ಪರದೆಯನ್ನು ಕೇಳಲಾಗದು.

ಪ್ರಶ್ನೆ: 2000ದಲ್ಲಿ ಅಣ್ಣಾವ್ರ ಅಪಹರಣವಾದಾಗ ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಆ 108 ದಿನ ನಮ್ಮ ಊರಿನಲ್ಲಿ ಯಾರ ಮುಖದಲ್ಲಿಯೂ ಕಳೆಯಿರಲಿಲ್ಲ. ಸಿನಿಮಾಗಳ ಅಪಹರಣದಲ್ಲಿ ಆ ಕಾಯುವಿಕೆ ಕಾಣುವುದೇ ಇಲ್ಲ. ಸೇಡಿನ ಹೊರತು ನೊಂದವರಿಗೆ ಬೇರೆ ದಾರಿ ಇದೆಯೆಂದು ಯಾರಾದರೂ ತೋರಿಸಿದ್ದಾರೆಯೇ?
– ಓದುಗ, ಚಾಮರಾಜನಗರ

ಉತ್ತರ: ಚಿತ್ರಗಳಲ್ಲಿ ನಾನು ಕಂಡದ್ದು ಕಡಿಮೆ. ಆದರೆ ನೀವು ನೆನಪಿಸಿದ ಪ್ರಕರಣದಲ್ಲಿಯೇ ಅದು ಇದೆ.

ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಕರೆದೊಯ್ದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ, ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯ್ದೆಯಡಿ ಸೆರೆಯಲ್ಲಿದ್ದವರ ಬಿಡುಗಡೆಯೂ ಒಂದಾಗಿತ್ತು. ಸರ್ಕಾರ ಆ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ನಾಡಿಗೆ ನಾಡೇ ಅಣ್ಣಾವ್ರಿಗಾಗಿ ಹರಕೆ ಹೊರುತ್ತಿದ್ದ ಆ ದಿನಗಳಲ್ಲಿ, 1992ರಲ್ಲಿ ವೀರಪ್ಪನ್ ತಂಡದಿಂದ ಹತರಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅವರು ಕೋವಿ ಹಿಡಿದು ಕಾಡಿಗೆ ಹೋಗಲಿಲ್ಲ. ತಮ್ಮ ಮಗನಂಥವರ ಸಾವಿಗೆ ಸಂಬಂಧಿಸಿದ ಮೊಕದ್ದಮೆಗಳನ್ನು ಹೀಗೆ ಕೈಬಿಡುವುದು ಕಾನೂನಿಗೆ ಸಮ್ಮತವೇ ಎಂದು ಕೇಳಿದರು, ಅಷ್ಟೆ. ಆ ಪ್ರಶ್ನೆಯನ್ನು ಅಂಥ ಹೊತ್ತಿನಲ್ಲಿ ಕೇಳಲು ಎಷ್ಟು ಗಟ್ಟಿ ಎದೆ ಬೇಕಿತ್ತು ಎಂಬುದನ್ನು ಆ ದಿನಗಳನ್ನು ಕಂಡ ನೀವೇ ಬಲ್ಲಿರಿ.

ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಕೊಟ್ಟಿದ್ದ ಅನುಮತಿ ರದ್ದಾಯಿತು. ಅದರಿಂದ ಅಣ್ಣಾವ್ರ ಜೀವಕ್ಕೆ ಏನಾಗುವುದೋ ಎಂದು ಊರೂರಿನಲ್ಲಿ ಜನ ಉಸಿರು ಬಿಗಿಹಿಡಿದು ಕುಳಿತರು. ಎಂಟು ದಿನ ಕಳೆದು, ನವೆಂಬರ್ 15ರಂದು, ಅವರು ಕಾಡಿನಿಂದ ಸುರಕ್ಷಿತವಾಗಿ ಹೊರಬಂದರು.