ಟಾರ್ಚಿಗೆ ಬೆರಳು ಒತ್ತಿ ನೋಡಿ

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ಬೆಳಕು ಬಿಟ್ಟರೆ ತೆರೆದುಕೊಂಡು ಕ್ಯಾನ್ಸರ್ ಕೋಶಗಳನ್ನು ಮಾತ್ರ ಸಾಯಿಸುವ ಕೃತಕ ಅಯಾನ್ ಚಾನೆಲ್ ಬಂದಿದೆಯಂತೆ. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಎರಡು ಕೀಮೋಗೇ ಸೋತುಹೋಗಿದ್ದಾರೆ, ಗಂಜಿ ಬಿಟ್ಟರೆ ಏನೂ ಸೇರುತ್ತಿಲ್ಲ. ಮೂರನೆಯದನ್ನು ನಿಲ್ಲಿಸಿ ಇದಕ್ಕೆ ಕಾಯಬಹುದಾ?’

ಸಂಪಾದಕರ ಉತ್ತರ:

ದಯವಿಟ್ಟು ಕಾಯಬೇಡಿ. ಇದಿನ್ನೂ ಲ್ಯಾಬಿನಲ್ಲಿದೆ, ಆಸ್ಪತ್ರೆಗೆ ಬಂದಿಲ್ಲ.

ಆದರೆ ನೀವು ಓದಿದ್ದು ಸುಳ್ಳೂ ಅಲ್ಲ. ಜೀವಕೋಶದ ಪೊರೆ ಎಣ್ಣೆಯಂಥದ್ದು, ದಪ್ಪ ಸುಮಾರು 5 ನ್ಯಾನೋಮೀಟರ್. ಉಪ್ಪಿನ ಅಯಾನುಗಳು, ಅಂದರೆ ಸೋಡಿಯಂ, ಕ್ಲೋರೈಡ್‌ನಂಥ ವಿದ್ಯುದಂಶ ಹೊತ್ತ ಕಣಗಳು, ಅದನ್ನು ಸುಮ್ನೆ ದಾಟಲಾರವು, ಬಾಗಿಲು ಬೇಕು. ಆ ಬಾಗಿಲೇ ಅಯಾನ್ ಚಾನೆಲ್. ಒಳಗೆ ಹೊರಗೆ ಉಪ್ಪಿನ ಲೆಕ್ಕ ತಪ್ಪಿದರೆ ಕೋಶ ಉಳಿಯುವುದಿಲ್ಲ. 2014ರಲ್ಲಿ ಟೆಕ್ಸಸ್‌ನ ಜೊನಾಥನ್ ಸೆಸ್ಲರ್, ಬ್ರಿಟನ್ನಿನ ಫಿಲಿಪ್ ಗೇಲ್, ಕೊರಿಯಾದ ಇಂಜೇ ಶಿನ್ ಅವರ ತಂಡಗಳು ಸೇರಿ ಇದನ್ನೇ ಮಾಡಿ ತೋರಿಸಿದವು. ಅವರ ಅಣು ಕ್ಲೋರೈಡನ್ನು ಹೊತ್ತು ಒಳಗೆ ಬಿಟ್ಟಿತು. ಹಿಂದೆಯೇ ಸೋಡಿಯಂ ನುಗ್ಗಿತು. ಕೋಶ ತನ್ನನ್ನು ತಾನೇ ಮುಗಿಸಿಕೊಂಡಿತು. ಸೆಸ್ಲರ್ ಸ್ವತಃ ಹರೆಯದಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಗೆದ್ದು ಬಂದವರು. ಅವರ ಕೆಲಸದ ಬಗ್ಗೆ ಓದುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ತೊಡಕು ಏನೆಂದರೆ, ಒಳ್ಳೆಯ ಕೋಶ ಯಾವುದು, ಕೆಟ್ಟದ್ದು ಯಾವುದು ಅಂತ ಅಣುವಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಬೆಳಕು. ಪುಣೆಯ ಐಸರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಪಿನಾಕಿ ತಾಲೂಕ್ದಾರ್ ಅವರ ತಂಡವೂ ಈ ದಾರಿಯಲ್ಲಿ ಕೆಲಸ ಮಾಡಿದೆ. ಅಣುವಿನ ಕೈ ಕಟ್ಟಿ ಒಳಗೆ ಬಿಡುತ್ತಾರೆ, ಬೆಳಕು ಬಿದ್ದ ಕಡೆ ಮಾತ್ರ ಆ ಕಟ್ಟು ಕಳಚುತ್ತದೆ. ಅಜೋಬೆಂಜೀನ್ ಅಂತ ಇನ್ನೊಂದು ಅಣು ಇದೆ. ಒಂದು ಬಣ್ಣದ ಬೆಳಕಿಗೆ ಬಾಗುತ್ತದೆ, ಇನ್ನೊಂದಕ್ಕೆ ಮತ್ತೆ ನೆಟ್ಟಗಾಗುತ್ತದೆ.

ಇವತ್ತು ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚಿಗೆ ಬೆರಳು ಒತ್ತಿ ನೋಡಿ. ಟಾರ್ಚಿನ ಬೆಳಕು ಬಿಳಿ, ಬೆರಳು ಹೊಳೆಯುವುದು ಕೆಂಪಗೆ. ನೀಲಿ, ಹಸಿರನ್ನೆಲ್ಲ ರಕ್ತ ಹೀರಿಕೊಂಡಿತು, ಕೆಂಪು ಮಾತ್ರ ಆಚೆ ಬಂತು. ಈ ಅಣುಗಳಲ್ಲಿ ಬಹಳಷ್ಟು ಎಚ್ಚರವಾಗುವುದು ಅಲ್ಟ್ರಾವೈಲೆಟ್‌ಗೆ ಅಥವಾ ನೀಲಿ ಬೆಳಕಿಗೆ. ಅಲ್ಟ್ರಾವೈಲೆಟ್ ಚರ್ಮದೊಳಗೆ ಒಂದು ಮಿಲಿಮೀಟರ್ ಇಳಿಯುವುದೂ ಕಷ್ಟ. ಅಂಡಾಶಯ ಎಷ್ಟು ಆಳದಲ್ಲಿದೆ ಅಲ್ವಾ?

ಬೆಳಕಿನ ಚಿಕಿತ್ಸೆ ಬೇರೆ ರೂಪದಲ್ಲಿ ಈಗಾಗಲೇ ಇದೆ. ಫೋಟೋಫ್ರಿನ್ ಎಂಬ ಔಷಧಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನ್ನನಾಳದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಗಂಟಲಿನಿಂದ ಫೈಬರ್ ಇಳಿಸಿ 630 ನ್ಯಾನೋಮೀಟರಿನ ಕೆಂಪು ಲೇಸರ್ ಬಿಡುತ್ತಾರೆ. ಅದು ಕೆಲಸ ಮಾಡಲು ಆಮ್ಲಜನಕ ಬೇಕು, ಗಡ್ಡೆಯ ನಡುವೆ ಎಷ್ಟೋ ಸಲ ಅದೇ ಕಡಿಮೆ. ಅಯಾನು ಸಾಗಿಸುವ ಬಾಗಿಲಿಗೆ ಆ ಹಂಗಿಲ್ಲ. ನನಗೆ ಇದರ ಮೇಲೆ ಆಸೆ ಇರುವುದು ಅದಕ್ಕೇ. ಕೆಂಪು ಬೆಳಕಿಗೆ ತೆರೆಯುವ ಬಾಗಿಲು ಸಿಗಬೇಕು, ಮನುಷ್ಯರ ಮೇಲೆ ಪರೀಕ್ಷೆ ಆಗಬೇಕು.

ಅಮ್ಮನ ಮೂರನೆಯ ಕೀಮೋ ಅಷ್ಟು ದಿನ ಕಾಯುವುದಿಲ್ಲ. ಗಂಜಿ ಮಾತ್ರ ಸೇರುತ್ತಿದೆ ಅಂತ ನನಗೆ ಬರೆದಿರಲ್ಲ, ಅದನ್ನೇ ಡಾಕ್ಟರಿಗೂ ಬಿಡಿಸಿ ಹೇಳಿ. ವಾಂತಿಗೆ ಬೇರೆ ಮಾತ್ರೆ ಕೊಡುವುದು, ಡೋಸ್ ತಗ್ಗಿಸುವುದು, ಬೇಕಾದರೆ ನಾಲ್ಕು ದಿನ ಮುಂದೆ ಹಾಕುವುದು ಅವರ ಕೈಯಲ್ಲಿದೆ. ಹೇಗಾಯಿತು ಅಂತ ಒಂದು ಸಾಲು ಬರೆಯಿರಿ, ನಾನು ಕಾಯುತ್ತಿರುತ್ತೇನೆ.