ಪ್ರತಿಕ್ರಿಯೆ: 1993ರ ಉಪವಾಸದಿಂದ ಯುಸಿಎಲ್‌ಎಗೆ ಚಿಕಾನೊ ವಿಭಾಗ ಸಿಕ್ಕಿತೇ?

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನಲ್ಲಿ (ಯುಸಿಎಲ್‌ಎ) ಚಿಕಾನೊ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ, ಅಧ್ಯಯನಕ್ಕೆ ಸ್ವಂತ ವಿಭಾಗ ಬೇಕೆಂದು 1993ರಲ್ಲಿ ಉಪವಾಸ ನಡೆಯಿತು. ಅದು ಮುಗಿದ ಕೂಡಲೇ ವಿಭಾಗ ಆರಂಭವಾಯಿತೇ ಎಂದು ಕೇಳಿದ್ದೀರಿ. ಇಲ್ಲ, ಅದಕ್ಕೆ ಇನ್ನೂ 12 ವರ್ಷ ಹಿಡಿಯಿತು.

ಮೊದಲು ಬೇಡಿಕೆ ಏನಿತ್ತು ನೋಡಿ. ಲಾಸ್ ಏಂಜಲೀಸ್‌ನ ಆ ಕ್ಯಾಂಪಸ್‌ನಲ್ಲಿ ಚಿಕಾನೊ ಸಂಶೋಧನಾ ಕೇಂದ್ರ 1969ರಿಂದಲೇ ಇತ್ತು, ಪದವಿ ಕೋರ್ಸೂ ಇತ್ತು. ಆದರೆ ಕೋರ್ಸು ನಡೆಯುತ್ತಿದ್ದದ್ದು ಅಂತರವಿಭಾಗೀಯ ಕಾರ್ಯಕ್ರಮವಾಗಿ. ಅಂದರೆ ಪಾಠ ಮಾಡುವವರು ಇತಿಹಾಸ, ಸಮಾಜಶಾಸ್ತ್ರದಂಥ ಬೇರೆ ವಿಭಾಗಗಳ ನೌಕರರು. ಆ ವಿಭಾಗ ಅವರನ್ನು ಬಿಟ್ಟುಕೊಟ್ಟರೆ ತರಗತಿ, ಇಲ್ಲದಿದ್ದರೆ ಇಲ್ಲ. ಸ್ವಂತ ನೇಮಕಾತಿಯ ಹಕ್ಕಿಲ್ಲದ ಕೋರ್ಸು ಬೇರೆಯವರ ಬಾವಿಯಿಂದ ನೀರು ಸೇದುವ ಮನೆಯ ಹಾಗೆ. ಇಡೀ ಜಗಳದ ತಿರುಳು ಇದೇ. ಬರೀ ಹೆಸರಿನ ಹಟ ಅಂದುಕೊಳ್ಳಬೇಡಿ.

1993ರ ಏಪ್ರಿಲ್ 23ರಂದು ಚಿಕಾನೊ ಸಮುದಾಯದ ರೈತಕಾರ್ಮಿಕರ ನಾಯಕ ಸೀಸರ್ ಚಾವೆಜ್ ತೀರಿಕೊಂಡರು. ಅವರ ಅಂತ್ಯಕ್ರಿಯೆಯ ಹೊತ್ತಿಗೇ ಕುಲಪತಿ ಚಾರ್ಲ್ಸ್ ಯಂಗ್ ವಿಭಾಗ ಕೊಡುವುದಿಲ್ಲ ಎಂದು ಪ್ರಕಟಿಸಿದರು. ಶೋಕದಲ್ಲಿದ್ದವರಿಗೆ ಇದು ಗಾಯದ ಮೇಲೆ ಬರೆ. ಮೇ 11ರಂದು ಫ್ಯಾಕಲ್ಟಿ ಸೆಂಟರ್‌ನಲ್ಲಿ ಧರಣಿ ನಡೆದು ಸಾಮೂಹಿಕ ಬಂಧನವಾಯಿತು. ತಿಂಗಳ ಕೊನೆಯಲ್ಲಿ ಉಪವಾಸ ಶುರು. ವಿದ್ಯಾರ್ಥಿಗಳ ಜೊತೆ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕ ಹೋರ್ಹೆ ಮನ್ಸಿಯಾಸ್ ಕೂಡ ಕೂತರು. ಉಪವಾಸ ಮುಗಿದದ್ದು 14 ದಿನಗಳ ಬಳಿಕ, ಜೂನ್ 7ರಂದು.

ಸಿಕ್ಕಿದ್ದು ಚಾವೆಜ್ ಹೆಸರಿನ ಬೋಧನಾ ಕೇಂದ್ರ. ‘ವಿಭಾಗ’ ಎಂಬ ಪದ ದಕ್ಕಲಿಲ್ಲ, ಆದರೆ ತನ್ನದೇ ಅಧ್ಯಾಪಕರನ್ನು ನೇಮಿಸಿಕೊಳ್ಳುವ ಅಧಿಕಾರ ದಕ್ಕಿತು. ನನ್ನ ಪ್ರಕಾರ ನಿಜವಾದ ಗೆಲುವು ಅದೇ. 2005ರಲ್ಲಿ ಅದು ಪೂರ್ಣ ವಿಭಾಗವಾಯಿತು.